ಕ್ಲೇ ಬಾರ್, ಕ್ಲೇ ಮಿಟ್, ಐರನ್ ರಿಮೂವರ್: ಮನೆಯಲ್ಲಿ ಕಾರಿನ ಬಣ್ಣವನ್ನು ಶುಚಿಗೊಳಿಸಲು ಯಾವುದನ್ನು ಆರಿಸಬೇಕು?

ಕಾರನ್ನು ಶಾಂಪೂ ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ ಮುಗಿಸಿದ ಮೇಲೂ ಬಾನೆಟ್ಟಿನ ಮೇಲೆ ಕೈಯಾಡಿಸಿದಾಗ ಕೆಲವೊಮ್ಮೆ ತರಿತರಿಯಾಗಿ ಸಿಗುತ್ತದೆ. ನೋಡಲು ಬಣ್ಣ ಹೊಳೆಯುತ್ತಲೇ ಇರುತ್ತದೆ, ಮುಟ್ಟಿದರೆ ಮಾತ್ರ ನಯವಿರುವುದಿಲ್ಲ. ಬ್ರೇಕಿನಿಂದ ಹಾರಿದ ಕಬ್ಬಿಣದ ಚೂರು, ರಸ್ತೆಯ ಡಾಂಬರಿನ ಹನಿ, ಮರದಿಂದ ತೊಟ್ಟಿಕ್ಕಿದ ಅಂಟು, ಬೋರ್‌ವೆಲ್ ನೀರು ಆರಿದ ಮೇಲೆ ಉಳಿದ ಸುಣ್ಣದಂಶ, ಪಕ್ಕದ ಮನೆಯ ಗೇಟಿಗೆ ಸ್ಪ್ರೇ ಹೊಡೆಯುವಾಗ ಗಾಳಿಯಲ್ಲಿ ತೇಲಿ ಬಂದ ಬಣ್ಣ, ಇವೆಲ್ಲ ಮೇಲ್ಮೈಯನ್ನು ಕಚ್ಚಿ ಹಿಡಿದಿರುತ್ತವೆ. ಇವು ಶಾಂಪೂವಿಗೆ ಬಗ್ಗುವುದಿಲ್ಲ. ಇವುಗಳನ್ನು ತೆಗೆಯುವುದಕ್ಕೆಂದು ಅಂಗಡಿಗೆ ಹೋದರೆ ಒಬ್ಬರು ಕ್ಲೇ ಬಾರ್ ಕೊಡುತ್ತಾರೆ, ಇನ್ನೊಬ್ಬರು ಕ್ಲೇ ಮಿಟ್ ತೋರಿಸುತ್ತಾರೆ, ಮತ್ತೊಬ್ಬರು ಐರನ್ ರಿಮೂವರ್ ಸಾಕು ಎನ್ನುತ್ತಾರೆ, ಬಡಾವಣೆಯ ಮೂಲೆಯ ವಾಟರ್ ಸರ್ವಿಸ್‌ನವರು ರಬ್ಬಿಂಗ್ ಕಾಂಪೌಂಡ್ ಹಾಕಿ ಒಮ್ಮೆ ಉಜ್ಜಿಬಿಡೋಣ ಎನ್ನುತ್ತಾರೆ. ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ. ಯಾವುದನ್ನು ಕೊಳ್ಳಬೇಕೆಂಬುದು ವಸ್ತುವಿನ ಹೆಸರಿಗಿಂತ ಹೆಚ್ಚಾಗಿ ನಿಮ್ಮ ಕಾರಿನ ಮೇಲೆ ಅಂಟಿರುವುದು ಏನು ಎಂಬುದರಿಂದ ತೀರ್ಮಾನವಾಗಬೇಕು.

ಮೊದಲು ಪರೀಕ್ಷೆ, ಆಮೇಲೆ ಖರೀದಿ

ತರಕಾರಿ ಹಾಕಿಕೊಡುವಂಥ ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಹಾಕಿಕೊಂಡು, ತೊಳೆದು ಒಣಗಿಸಿದ ಕಾರಿನ ಮೇಲೆ ಬೆರಳ ತುದಿಯನ್ನು ಹಗುರವಾಗಿ ಆಡಿಸಿ. ಬರಿಗೈಗೆ ತಿಳಿಯದ ಸಣ್ಣ ಕಣವೂ ಚೀಲದ ಮೂಲಕ ಸ್ಪಷ್ಟವಾಗಿ ತಿಳಿಯುತ್ತದೆ, ಸಣ್ಣದೊಂದು ಸರಸರ ಸದ್ದೂ ಕೇಳಿಸುತ್ತದೆ. ಬಾನೆಟ್, ರೂಫ್, ಡಿಕ್ಕಿಯ ಮುಚ್ಚಳ, ಬಾಗಿಲುಗಳ ಕೆಳಭಾಗ ಇವನ್ನು ಬೇರೆಬೇರೆಯಾಗಿ ಮುಟ್ಟಿ ನೋಡಬೇಕು, ಏಕೆಂದರೆ ಎಲ್ಲ ಕಡೆಯೂ ಒಂದೇ ರೀತಿಯ ಕಲ್ಮಶ ಇರುವುದಿಲ್ಲ. ಬಾಗಿಲಿನ ಕೆಳಭಾಗದಲ್ಲಿ ಮತ್ತು ಚಕ್ರದ ಹಿಂದೆ ಡಾಂಬರು ಹೆಚ್ಚು. ಮೇಲ್ಮುಖವಾದ ಭಾಗಗಳಲ್ಲಿ ಅಂಟು, ಹಕ್ಕಿಯ ಹಿಕ್ಕೆಯ ಗುರುತು, ನೀರಿನ ಕಲೆ ಹೆಚ್ಚು. ಎಲ್ಲಿಯೂ ತರಿ ಸಿಗದಿದ್ದರೆ ಈ ಯಾವ ವಸ್ತುವೂ ನಿಮಗೆ ಬೇಕಿಲ್ಲ.

ರೈಲ್ವೆ ಹಳಿಯ ಪಕ್ಕದಲ್ಲಿ ಅಥವಾ ನಿಲ್ದಾಣದ ಪಾರ್ಕಿಂಗ್‌ನಲ್ಲಿ ದಿನವೂ ನಿಲ್ಲುವ ಬಿಳಿ ಕಾರನ್ನು ಹತ್ತಿರದಿಂದ ನೋಡಿದರೆ ಸಾಸಿವೆಗಿಂತಲೂ ಚಿಕ್ಕದಾದ ಕಿತ್ತಳೆ ಚುಕ್ಕೆಗಳು ಕಾಣುತ್ತವೆ. ಗಾಲಿ ಮತ್ತು ಹಳಿ ತಿಕ್ಕಾಡಿದಾಗ, ಬ್ರೇಕ್ ಹಾಕಿದಾಗ ಸಿಡಿಯುವ ಕಬ್ಬಿಣದ ಕಣ ಬಣ್ಣದ ಮೇಲೆ ಕೂತು ತುಕ್ಕು ಹಿಡಿದಾಗ ಹೀಗಾಗುತ್ತದೆ. ಅದೇ ಕಣ ಕಪ್ಪು ಕಾರಿನ ಮೇಲೂ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಹೊಂಗೆ ಮರದ ಕೆಳಗೆ ನಿಲ್ಲಿಸುವವರಿಗೆ ಬೇಸಗೆಯಲ್ಲಿ ಅಂಟಿನ ಸಣ್ಣ ಹನಿಗಳ ಕಾಟ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೆ ಸೋರುವ ಸ್ಲ್ಯಾಬಿನಿಂದ ಬೀಳುವ ಸುಣ್ಣದ ನೀರಿನ ಕಾಟ. ಬಿಳಿಯ ಗೆರೆಗಳಾಗಿ ಇಳಿದು ಗಟ್ಟಿಯಾಗುವ ಅದು ಬಲು ಮೊಂಡು. ಇನ್ನು ಮಲೆನಾಡಿನ ಅಥವಾ ಕರಾವಳಿಯ ಕೆಂಪು ಕೆಸರು ಎಷ್ಟೇ ಭಯಂಕರವಾಗಿ ಕಂಡರೂ ಬರಿಯ ಮಣ್ಣು. ಅದನ್ನು ತೆಗೆಯಲು ಧಾರಾಳ ನೀರು ಮತ್ತು ತಾಳ್ಮೆ ಸಾಕು. ಕೆಸರಿರುವಾಗ ಕ್ಲೇ ಹಿಡಿದು ಉಜ್ಜುವುದಕ್ಕಿಂತ ಕೆಟ್ಟ ಉಪಾಯ ಬೇರೊಂದಿಲ್ಲ.

ಕ್ಲೇ ಬಾರ್: ನಿಧಾನ, ಆದರೆ ನಿಯಂತ್ರಣ ಕೈಯಲ್ಲಿ

ಹೆಸರು ಕ್ಲೇ ಎಂದಿದ್ದರೂ ಇದು ಹೊಲದ ಜೇಡಿಮಣ್ಣಲ್ಲ. ಮೆತುವಾದ ಕೃತಕ ಪಾಲಿಮರಿನೊಳಗೆ ಅತಿ ನುಣುಪಾದ ಉಜ್ಜುವ ಪುಡಿಯನ್ನು ಬೆರೆಸಿ ಮಾಡಿದ ಮುದ್ದೆ. ಇದರ ಬಳಕೆ ಬೆಳೆದದ್ದು ಜಪಾನಿನಲ್ಲಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆಗಿ, ಅಲ್ಲಿಂದ ಮನೆಬಳಕೆಯ ಕಿಟ್ ರೂಪದಲ್ಲಿ ಎಲ್ಲ ಕಡೆ ಹರಡಿತು. ಇದು ಕೆಲಸ ಮಾಡುವ ಬಗೆ ಸರಳ. ನೀರಿನಂಶದ ಜಾರುವ ಪದರದ ಮೇಲೆ ಕ್ಲೇ ತೇಲುತ್ತ ಸಾಗುತ್ತದೆ. ಬಣ್ಣದ ಮಟ್ಟದಿಂದ ಮೇಲಕ್ಕೆ ಎದ್ದಿರುವ ಕಣ ಅದಕ್ಕೆ ಸಿಕ್ಕಿ ಕಿತ್ತು ಬಂದು ಮುದ್ದೆಯೊಳಗೆ ಹೂತುಕೊಳ್ಳುತ್ತದೆ. ಆದ್ದರಿಂದ ಮೇಲೆದ್ದು ನಿಂತದ್ದನ್ನು ಮಾತ್ರ ಕ್ಲೇ ತೆಗೆಯಬಲ್ಲದು. ಗೀರು, ಸುರುಳಿ ಗೆರೆ, ಹಿಕ್ಕೆ ತಿಂದುಹಾಕಿದ ಕುಳಿ, ಇವು ಬಣ್ಣದೊಳಗಿನ ಊನಗಳು. ಅವು ಕ್ಲೇಯಿಂದ ಹೋಗುವುದಿಲ್ಲ.

ಮಾರುಕಟ್ಟೆಯಲ್ಲಿ ಫೈನ್, ಮೀಡಿಯಂ, ಹೆವಿ ಎಂಬ ದರ್ಜೆಗಳು ಸಿಗುತ್ತವೆ. ಬಣ್ಣ ನೋಡಿ ದರ್ಜೆ ಊಹಿಸಬಾರದು. ಒಂದು ಕಂಪನಿಯ ನೀಲಿ ಫೈನ್ ಆಗಿದ್ದರೆ ಇನ್ನೊಂದರ ನೀಲಿ ಮೀಡಿಯಂ ಆಗಿರಬಹುದು, ಪೊಟ್ಟಣದ ಮೇಲಿನ ಬರಹವನ್ನೇ ನೋಡಬೇಕು. ಮನೆಯಲ್ಲಿ ಮೊದಲ ಬಾರಿಗೆ ಮಾಡುವವರು ಫೈನ್ ಬಿಟ್ಟು ಬೇರೇನನ್ನೂ ಮುಟ್ಟದಿರುವುದು ಕ್ಷೇಮ. ಹೆವಿ ದರ್ಜೆಯ ಕ್ಲೇ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ಹಿಂದೆಯೇ ಮಬ್ಬನ್ನೂ ಸಣ್ಣ ಗೆರೆಗಳನ್ನೂ ಬಿಟ್ಟುಹೋಗುತ್ತದೆ; ಆಮೇಲೆ ಮೆಷಿನ್ ಪಾಲಿಶ್ ಮಾಡಿಸಲೇಬೇಕಾಗುತ್ತದೆ. ಪಾಲಿಶ್ ಮಾಡುವವರ ಕೈಗೆ ಅದು ಹೊಂದುತ್ತದೆ, ನಮ್ಮ ನಿಮ್ಮ ಕೈಗಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕ್ಲೇ ಬಾರ್ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಇದರಲ್ಲಿಯೇ ತಿಳಿಯುತ್ತದೆ. ಕಾರು ನೆರಳಿನಲ್ಲಿರಬೇಕು, ಬಾನೆಟ್ ತಣ್ಣಗಿರಬೇಕು. 100 ಗ್ರಾಮಿನ ಬಾರ್ ಇದ್ದರೆ ಅದನ್ನು ಎರಡು ಮೂರು ತುಂಡು ಮಾಡಿ ಒಂದನ್ನಷ್ಟೇ ಕೈಗೆತ್ತಿಕೊಳ್ಳಬೇಕು, ಉಳಿದವು ಡಬ್ಬಿಯಲ್ಲಿರಲಿ. ತುಂಡನ್ನು ಹೋಳಿಗೆಯ ಕಣಕದ ಹದಕ್ಕೆ ಬರುವವರೆಗೆ ನಾದಿ, ಅಂಗೈಯ ಅರ್ಧದಷ್ಟು ಅಗಲದ ಬಿಲ್ಲೆಯಾಗಿ ತಟ್ಟಬೇಕು. ಚಳಿಗಾಲದ ಬೆಳಗ್ಗೆ ಅದು ಗಟ್ಟಿಯಾಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಸರಿಹೋಗುತ್ತದೆ. ಎರಡಡಿ ಉದ್ದ, ಎರಡಡಿ ಅಗಲದ ಜಾಗಕ್ಕೆ ಲೂಬ್ರಿಕೆಂಟ್ (ಜಾರಿಕೆ ಕೊಡುವ ದ್ರವ) ಸಿಂಪಡಿಸಿ, ಬಿಲ್ಲೆಯ ಮೇಲೂ ಸಿಂಪಡಿಸಿ, ನೇರ ಗೆರೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಜಾರಿಸಬೇಕು. ಸುತ್ತು ಸುತ್ತಾಗಿ ಉಜ್ಜಬಾರದು, ಒತ್ತಲೂ ಬಾರದು. ಕೈಯ ಭಾರವೇ ಸಾಕು. ಮೊದಮೊದಲು ತಡೆತಡೆದು, ಸರಸರ ಸದ್ದು ಮಾಡುತ್ತ ಸಾಗುವ ಕ್ಲೇ ಕೆಲವು ಸಲ ಆಡಿಸಿದ ಮೇಲೆ ಸದ್ದಿಲ್ಲದೆ ಜಾರತೊಡಗುತ್ತದೆ. ಆ ಜಾಗ ಮುಗಿಯಿತೆಂದು ಅರ್ಥ. ತಿರುಗಿಸಿ ನೋಡಿದರೆ ಬಿಲ್ಲೆಯ ಮೇಲೆ ಕಂದು ಗೆರೆಗಳು, ಅಲ್ಲಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಆ ಮುಖವನ್ನು ಒಳಕ್ಕೆ ಮಡಚಿ, ಹೊಸ ಮುಖ ಹೊರಗೆ ಬರುವಂತೆ ಮತ್ತೆ ತಟ್ಟಿ, ಮುಂದಿನ ಜಾಗಕ್ಕೆ ಹೋಗಬೇಕು.

ಒಂದು ಕಟ್ಟುನಿಟ್ಟಿನ ನಿಯಮವಿದೆ. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಮತ್ತೆ ಬಳಸಬಾರದು. ಎಷ್ಟು ತೊಳೆದರೂ ಅದರೊಳಗೆ ಹೂತುಕೊಂಡ ಮರಳಿನ ಹರಳು ಹೊರಗೆ ಬರುವುದಿಲ್ಲ, ಮುಂದಿನ ಎಳೆತಕ್ಕೇ ಬಣ್ಣದ ಮೇಲೆ ಗೀರು ಬೀಳುತ್ತದೆ. ಬಾರ್ ಅನ್ನು ತುಂಡು ಮಾಡಿಟ್ಟುಕೊಳ್ಳಿ ಎನ್ನುವುದರ ಹಿಂದಿನ ಲೆಕ್ಕವೂ ಇದೇ; ಬಿದ್ದರೆ ಹೋಗುವುದು ಒಂದು ತುಂಡು ಮಾತ್ರ.

ಲೂಬ್ರಿಕೆಂಟ್ ಯಾವುದಿರಬೇಕು

ಕ್ಲೇಗೆ ಹಣ ಕೊಟ್ಟು ಲೂಬ್ರಿಕೆಂಟ್‌ನಲ್ಲಿ ಉಳಿತಾಯ ಮಾಡಲು ಹೋಗುವವರೇ ಹೆಚ್ಚು, ಕೆಡುವುದೂ ಅಲ್ಲಿಯೇ. ಬರಿಯ ನೀರು ಸಾಲದು. ಕ್ಲೇ ಬಣ್ಣಕ್ಕೆ ಅಂಟಿ ಜಗ್ಗುತ್ತದೆ. ಪಾತ್ರೆ ತೊಳೆಯುವ ದ್ರವ ಜಿಡ್ಡು ತೆಗೆಯಲೆಂದು ತಯಾರಾದದ್ದು, ಜಾರಿಕೆ ಕೊಡಲೆಂದಲ್ಲ. ಕೆಲವು ಬಗೆಯ ಕ್ಲೇ ಅದರಲ್ಲಿ ಕರಗಿದಂತಾಗಿ ಬಣ್ಣದ ಮೇಲೆ ಮೆತ್ತಿಕೊಳ್ಳುತ್ತದೆ. ಕಿಟ್ಟಿನ ಜೊತೆ ಬರುವ ಡೀಟೇಲಿಂಗ್ ಸ್ಪ್ರೇ ಒಳ್ಳೆಯದೇ, ಆದರೆ ಸಣ್ಣ ಬಾಟಲಿ ಅರ್ಧ ಕಾರಿಗೆ ಮುಗಿದುಹೋಗಬಹುದು. ಕಾರಿನ ಶಾಂಪೂವನ್ನು ನೀರಿನಲ್ಲಿ ಸ್ವಲ್ಪ ಗಟ್ಟಿಯಾಗಿ ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಂಡರೆ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ. ಒಣಗಲು ಬಿಡದೆ ಆಗಾಗ ತೊಳೆಯುತ್ತಿರಬೇಕು, ಅಷ್ಟೆ.

ಬೆಂಗಳೂರಿನಂಥ ಊರಿನಲ್ಲಿ ನನ್ನ ಆಯ್ಕೆ ರಿನ್ಸ್‌ಲೆಸ್ ವಾಶ್ ದ್ರವ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತ್ತು. ಪೈಪ್ ಹಿಡಿದು ಕಾರು ತೊಳೆಯುವ ಕಾಲ ಆಗಲೇ ಮುಗಿಯಬೇಕಿತ್ತು ಎನ್ನುವವರ ಪಕ್ಷ ನನ್ನದು. ಒಂದು ಬಕೆಟ್ ನೀರಿಗೆ ಸ್ವಲ್ಪವೇ ಬೆರೆಸುವ ಈ ದ್ರವದಲ್ಲಿ ಹದವಾದ ಧೂಳಿನ ಕಾರನ್ನು ಒರೆಸಿ ಶುಚಿ ಮಾಡಬಹುದು, ಅದನ್ನೇ ಬಾಟಲಿಗೆ ತುಂಬಿ ಕ್ಲೇಗೆ ಲೂಬ್ರಿಕೆಂಟ್ ಆಗಿಯೂ ಬಳಸಬಹುದು. ಕೊನೆಯಲ್ಲಿ ನೀರು ಸುರಿಯುವ ಅಗತ್ಯವಿಲ್ಲ. ಗಟ್ಟಿ ಕೆಸರಿದ್ದಾಗ ಮಾತ್ರ ಇದು ನಡೆಯುವುದಿಲ್ಲ, ಮೊದಲು ನೀರಿನಿಂದಲೇ ಕೆಸರು ಬಿಡಿಸಬೇಕು.

ಕ್ಲೇ ಮಿಟ್ ಮತ್ತು ಕ್ಲೇ ಟವೆಲ್: ದೊಡ್ಡ ಕಾರಿಗೆ ಅನುಕೂಲ

ಮೈಕ್ರೋಫೈಬರ್ ಕೈಗವಸಿನ ಅಥವಾ ಟವೆಲ್ಲಿನ ಒಂದು ಮುಖಕ್ಕೆ ರಬ್ಬರಿನಂಥ ಪಾಲಿಮರ್ ಪದರ ಕೂಡಿಸಿದರೆ ಅದೇ ಕ್ಲೇ ಮಿಟ್, ಕ್ಲೇ ಟವೆಲ್. ಕೆಲಸ ಮಾಡುವ ತತ್ವ ಒಂದೇ. ಬಾರ್‌ನಲ್ಲಿ ಅರ್ಧ ದಿನ ಹಿಡಿಯುವ ದೊಡ್ಡ ಎಸ್‌ಯುವಿಯನ್ನು ಮಿಟ್ ಹಾಕಿಕೊಂಡು ಅದರ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಬಹುದು. ನೆಲಕ್ಕೆ ಬಿದ್ದರೆ ಚೆನ್ನಾಗಿ ತೊಳೆದು ಮತ್ತೆ ಬಳಸಬಹುದು, ಏಕೆಂದರೆ ಕಣಗಳು ಪದರದ ಮೇಲೆಯೇ ಉಳಿಯುತ್ತವೆ, ಒಳಗೆ ಹೂತುಕೊಳ್ಳುವುದಿಲ್ಲ. ನಾದುವ, ಮಡಚುವ ಗೊಡವೆಯಿಲ್ಲ. ಬೆಲೆ ಸಣ್ಣ ಬಾರ್‌ಗಿಂತ ಹೆಚ್ಚಾದರೂ ಬಾಳಿಕೆಯೂ ಹೆಚ್ಚು, ಮನೆಯಲ್ಲಿ ಎರಡು ಮೂರು ಕಾರಿದ್ದರೆ ಲೆಕ್ಕ ಮಿಟ್‌ನ ಪರವಾಗಿಯೇ ಬರುತ್ತದೆ.

ಆದರೂ ಮಿಟ್ ಬಗ್ಗೆ ಅಂಗಡಿಯವರು ಹೇಳದ ಕೆಲವು ಸಂಗತಿಗಳಿವೆ. ಬಾರ್‌ನಲ್ಲಿ ಕೈಬೆರಳಿಗೆ ತಿಳಿಯುವ ತಡೆ ಮಿಟ್‌ನ ದಪ್ಪ ಸ್ಪಂಜಿನಲ್ಲಿ ಅಷ್ಟಾಗಿ ತಿಳಿಯುವುದಿಲ್ಲ, ಹೀಗಾಗಿ ಬೇಕಾದ್ದಕ್ಕಿಂತ ಹೆಚ್ಚು ಉಜ್ಜುವ ಸಾಧ್ಯತೆಯಿದೆ. ಅಂಗೈಯಗಲದ ಮುಖದಲ್ಲಿ ಒಂದು ಮೂಲೆಗೆ ಸಿಕ್ಕಿಕೊಂಡ ಹರಳನ್ನು ಗಮನಿಸದೆ ಬಾಗಿಲುದ್ದಕ್ಕೂ ಎಳೆದರೆ ಗೆರೆಯೂ ಬಾಗಿಲುದ್ದವೇ ಬೀಳುತ್ತದೆ. ಬಾಗಿಲಿನ ಹಿಡಿಯ ಹಿಂದೆ, ಲಾಂಛನದ ಅಕ್ಷರಗಳ ನಡುವೆ, ಗ್ರಿಲ್ಲಿನ ಅಂಚಿನಲ್ಲಿ ಮಿಟ್ ಹೋಗುವುದಿಲ್ಲ. ಚಿವುಟಿದ ಕ್ಲೇ ತುಂಡು ಹೋಗುತ್ತದೆ. ಹೊಸ ಮಿಟ್ಟಿನ ಪದರವನ್ನು ಮೊದಲು ಗಾಜಿನ ಮೇಲೆ, ಧಾರಾಳ ಲೂಬ್ರಿಕೆಂಟ್ ಹಾಕಿ, ಸ್ವಲ್ಪ ಹೊತ್ತು ಆಡಿಸಿ ಹದಕ್ಕೆ ತರಬೇಕು. ನೇರ ಬಣ್ಣಕ್ಕೇ ಹಚ್ಚಿದರೆ ಮಬ್ಬಾಗುವುದುಂಟು. ಬಿಸಿಲಲ್ಲಿ ಕಾದ ತಗಡಿನ ಮೇಲೆ ರಬ್ಬರು ಗುರುತು ಬಿಡುತ್ತದೆ.

ಕಪ್ಪು ಅಥವಾ ಕಡು ನೀಲಿ ಕಾರಿದ್ದವರಿಗೆ ನಾನು ಮಿಟ್ ಹೇಳುವುದಿಲ್ಲ. ಆ ಬಣ್ಣಗಳ ಮೇಲೆ ಎಳೆಯಷ್ಟು ಗೆರೆಯೂ ಬೀದಿದೀಪದ ಬೆಳಕಿಗೆ ಎದ್ದು ಕಾಣುತ್ತದೆ. ಬಿಳಿ, ಬೆಳ್ಳಿ ಬಣ್ಣದ ಕಾರುಗಳಿಗೆ ಈ ಭಯ ಕಡಿಮೆ.

ಐರನ್ ರಿಮೂವರ್ ಮತ್ತು ಇತರ ದ್ರವಗಳು: ಉಜ್ಜುವ ಮೊದಲು ಕರಗಿಸುವುದು

ಬಣ್ಣವನ್ನು ಎಷ್ಟು ಕಡಿಮೆ ಉಜ್ಜುತ್ತೇವೆಯೋ ಅಷ್ಟು ಒಳ್ಳೆಯದು. ಆದ್ದರಿಂದ ಕರಗಬಲ್ಲದ್ದನ್ನು ಮೊದಲು ಕರಗಿಸಿ, ಉಳಿದದ್ದಕ್ಕೆ ಮಾತ್ರ ಕ್ಲೇ ಹಿಡಿಯುವುದು ಸರಿಯಾದ ಕ್ರಮ. ಕಬ್ಬಿಣದ ಕಣಗಳಿಗೆ ಐರನ್ ರಿಮೂವರ್ ಇದೆ. ಹೆಚ್ಚಿನವುಗಳಲ್ಲಿ ಇರುವುದು ಥಯೋಗ್ಲೈಕೋಲೇಟ್ ಜಾತಿಯ ರಾಸಾಯನಿಕ. ಕೂದಲನ್ನು ಗುಂಗುರು ಮಾಡುವ ಬ್ಯೂಟಿ ಪಾರ್ಲರಿನ ದ್ರಾವಣದಲ್ಲಿಯೂ ಇದೇ ಜಾತಿಯದು ಇರುತ್ತದೆ, ಕೊಳೆತ ಮೊಟ್ಟೆಯ ಆ ವಾಸನೆಯೂ ಅದರದ್ದೇ. ಬಿಳಿ ಕಾರಿನ ಬಾಗಿಲ ಕೆಳಗೆ ಸಿಂಪಡಿಸಿ ಒಂದೆರಡು ನಿಮಿಷ ಕಾದರೆ ಕಿತ್ತಳೆ ಚುಕ್ಕೆಯ ಸುತ್ತ ನೇರಳೆ ಬಣ್ಣ ಮೂಡಿ, ಗೆರೆಗೆರೆಯಾಗಿ ಇಳಿಯತೊಡಗುತ್ತದೆ. ಕಬ್ಬಿಣದೊಡನೆ ರಾಸಾಯನಿಕ ವರ್ತಿಸುತ್ತಿರುವುದರ ಗುರುತು ಅದು. ಒಣಗುವ ಮೊದಲು ಧಾರಾಳವಾಗಿ ತೊಳೆಯಬೇಕು. ಬಿಸಿಲಲ್ಲಿ, ಬಿಸಿ ಚಕ್ರದ ಮೇಲೆ ಹಾಕಬಾರದು. ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು. ಮುಚ್ಚಿದ ಬೇಸ್‌ಮೆಂಟಿನಲ್ಲಿ ಬಳಸಿದರೆ ಅಕ್ಕಪಕ್ಕದವರ ಜಗಳ ಖಂಡಿತ.

ನೇರಳೆ ಬಣ್ಣ ಬರಲೇ ಇಲ್ಲವೆಂದರೆ ದ್ರವ ಕಳಪೆಯೆಂದಲ್ಲ, ಅಲ್ಲಿ ಕಬ್ಬಿಣವಿಲ್ಲ ಎಂದರ್ಥ. ಡಾಂಬರು, ಅಂಟು, ಸುಣ್ಣ ಇವುಗಳಿಗೆ ಐರನ್ ರಿಮೂವರ್‌ನಿಂದ ಏನೂ ಆಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಕೊಂಡವರೇ ಅದನ್ನು ಬೈಯುವುದು.

ಡಾಂಬರಿಗೆ ಟಾರ್ ರಿಮೂವರ್ ಹಚ್ಚಿ ಕೆಲವು ನಿಮಿಷ ಬಿಟ್ಟು ಒರೆಸಿದರೆ ಸಾಕು. ಸೀಮೆಎಣ್ಣೆಯಲ್ಲಿ ಒರೆಸುವ ಹಳೆಯ ರೂಢಿಯಿಂದಲೂ ಡಾಂಬರು ಹೋಗುತ್ತದೆ, ಆದರೆ ಜಿಡ್ಡು ಉಳಿಯುತ್ತದೆ, ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಕಲೆಯಾಗುತ್ತದೆ, ಬೆಂಕಿಯ ಭಯವಂತೂ ಇದ್ದೇ ಇದೆ. ಮರದ ಅಂಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯನ್ನು ಹನಿಯ ಮೇಲೆ ಅರೆನಿಮಿಷ ಇಟ್ಟು ಒರೆಸಬೇಕು. ಬೋರ್‌ವೆಲ್ ನೀರಿನ ಕಲೆಗೂ ಸ್ಲ್ಯಾಬಿನಿಂದ ಬಿದ್ದ ಸುಣ್ಣಕ್ಕೂ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿ, ಆಮೇಲೆ ತೊಳೆಯುವುದು ಮೊದಲ ಪ್ರಯತ್ನ. ಕಲೆ ಹೊಸದಾಗಿದ್ದರೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಸಿಲು ಕಂಡು ಬಣ್ಣವನ್ನು ತಿಂದಿದ್ದರೆ ವಿನೆಗರ್‌ನಿಂದಲೂ ಇಲ್ಲ, ಕ್ಲೇಯಿಂದಲೂ ಇಲ್ಲ, ಪಾಲಿಶ್ ಒಂದೇ ದಾರಿ. ಗಟ್ಟಿಯಾದ ಸುಣ್ಣದ ಅಥವಾ ಸಿಮೆಂಟಿನ ಗಂಟಿನ ಮೇಲೆ ಕ್ಲೇ ಎಳೆಯಲೇಬಾರದು. ಒಡೆದ ಚೂರು ಬಣ್ಣವನ್ನು ಗೀರುತ್ತದೆ.

ಇದಕ್ಕೆ ವಿರುದ್ಧವಾಗಿ, ಗಾಳಿಯಲ್ಲಿ ತೇಲಿಬಂದು ಕೂತ ಪೇಂಟಿನ ತುಂತುರಿಗೆ ಯಾವ ದ್ರವವನ್ನೂ ಹುಡುಕುವುದು ಬೇಡ. ಆ ತುಂತುರನ್ನು ಕರಗಿಸುವ ಥಿನ್ನರ್ ಕಾರಿನ ಬಣ್ಣವನ್ನೂ ಕೆಡಿಸಬಲ್ಲದು. ಅಲ್ಲಿ ಕ್ಲೇ ಬಾರ್‌ಗೆ ಸರಿಸಾಟಿಯಿಲ್ಲ.

ರಬ್ಬಿಂಗ್ ಕಾಂಪೌಂಡ್ ಏಕೆ ಈ ಸಾಲಿಗೆ ಸೇರುವುದಿಲ್ಲ

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಅದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲ ದಪ್ಪಕ್ಕಿಂತ ಕಡಿಮೆ. ಕಾಂಪೌಂಡ್ ಈ ಪದರವನ್ನೇ ಸವೆಸಿ ನಯ ಮಾಡುತ್ತದೆ; ಸವೆದದ್ದು ಮರಳಿ ಬರುವುದಿಲ್ಲ. ಗೀರು ತೆಗೆಯಲು ಅದು ಬೇಕು, ಒಪ್ಪೋಣ. ಆದರೆ ಮೇಲೆ ಕೂತ ಕಣವನ್ನು ತೆಗೆಯಲು ಕೆಳಗಿನ ಪದರವನ್ನು ಸವೆಸುವುದು ದಂಡ. ಅದೂ ಅಲ್ಲದೆ ಕಣಗಳಿರುವಾಗಲೇ ಕಾಂಪೌಂಡ್ ಹಾಕಿ ಉಜ್ಜಿದರೆ ಅವೇ ಕಿತ್ತು ಬಂದು ಬಟ್ಟೆಯಡಿ ಸುತ್ತಿ ಹೊಸ ಗೀರು ಮಾಡುತ್ತವೆ. ಕಾಂಪೌಂಡ್ ಹಾಕಲೇಬೇಕೆಂದಿದ್ದರೂ ಅದಕ್ಕೆ ಮೊದಲು ಕ್ಲೇ ಆಗಿರಬೇಕು.

ಕ್ಲಿಯರ್ ಕೋಟ್ ಇಲ್ಲದ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳನ್ನು ಇಟ್ಟುಕೊಂಡಿರುವವರಿಗೆ ಒಂದು ಮಾತು: ಕ್ಲೇ ಆಡಿಸಿದಾಗ ಬಿಲ್ಲೆಗೆ ಕಾರಿನ ಬಣ್ಣವೇ ಹತ್ತಿದರೆ ಗಾಬರಿ ಬೇಡ. ಮೇಲಿನ ಮಾಸಿದ ಬಣ್ಣ ಸ್ವಲ್ಪ ಬರುವುದು ಸಹಜ. ಕೈ ಇನ್ನಷ್ಟು ಹಗುರವಾಗಿರಲಿ.

ಯಾರಿಗೆ ಯಾವುದು, ಯಾರಿಗೆ ಯಾವುದೂ ಬೇಡ

ಒಂದೇ ಕಾರು, ಸಾಧಾರಣ ನಗರದ ಓಡಾಟ, ಬಿಡುವಿರುವ ಭಾನುವಾರ, ಇಷ್ಟಿದ್ದವರಿಗೆ 100 ಗ್ರಾಮಿನ ಫೈನ್ ಕ್ಲೇ ಬಾರ್ ಸಾಕು. ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಮಾಡುವ ಅಗತ್ಯ ಬೀಳುವುದಿಲ್ಲ. ಮಳೆಗಾಲ ಕಳೆದ ಮೇಲೆ ಒಮ್ಮೆ ಮಾಡುವುದು ಅನುಕೂಲದ ಹೊತ್ತು. ರೈಲ್ವೆ ಹಳಿ, ಲೇತ್ ಕೆಲಸದ ಶೆಡ್ಡು, ವೆಲ್ಡಿಂಗ್ ಅಂಗಡಿ ಹತ್ತಿರವಿದ್ದರೆ ಮೊದಲು ಐರನ್ ರಿಮೂವರ್ ಕೊಳ್ಳಿ. ಅದನ್ನು ಬಳಸಿ ತೊಳೆದ ಮೇಲೆ ಮತ್ತೆ ಚೀಲದ ಪರೀಕ್ಷೆ ಮಾಡಿ, ಬೇಕೆನಿಸಿದರೆ ಮಾತ್ರ ಕ್ಲೇ. ಭುಜ, ಮಣಿಕಟ್ಟಿನ ನೋವಿರುವವರಿಗೆ ಮತ್ತು ದೊಡ್ಡ ಬಿಳಿ ಎಸ್‌ಯುವಿ ಇರುವವರಿಗೆ ಮಿಟ್.

ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ, ಪ್ಲಾಸ್ಟಿಕ್ ಹಾಳೆಯ ಹೊದಿಕೆಯಾದ ವಿನೈಲ್ ರ‍್ಯಾಪ್ ಹಾಕಿದ ಕಾರಿಗೆ ಕ್ಲೇ ಯಾವ ರೂಪದಲ್ಲಿಯೂ ಬೇಡ. ಮ್ಯಾಟ್ ಮೇಲ್ಮೈ ಅಲ್ಲಲ್ಲಿ ಹೊಳಪುಗಟ್ಟಿ ಕೆಟ್ಟು ಕಾಣುತ್ತದೆ. ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಹಾಳೆ) ಅಂಟಿಸಿದ್ದರೆ ಅಥವಾ ಸೆರಾಮಿಕ್ ಕೋಟಿಂಗ್ ಮಾಡಿಸಿದ್ದರೆ ಮಾಡಿದವರನ್ನು ಕೇಳದೆ ಮುಟ್ಟಬಾರದು, ಕ್ಲೇ ಆ ಲೇಪನದ ಬಾಳಿಕೆಯನ್ನೇ ಕಡಿಮೆ ಮಾಡಬಲ್ಲದು. ಅಪಘಾತದ ನಂತರ ಹೊಸದಾಗಿ ಪೇಂಟ್ ಮಾಡಿಸಿದ ಬಾಗಿಲು, ಬಂಪರ್ ಪೂರ್ತಿ ಗಟ್ಟಿಯಾಗಲು ತಿಂಗಳೊಂದಾದರೂ ಬಿಡುವುದು ಒಳ್ಳೆಯದು.

ಕೈ ಪಳಗಿಸಿಕೊಳ್ಳಲು ಮುಂಗಾಜೇ ಪ್ರಶಸ್ತ. ಗಾಜಿಗೆ ಫೈನ್ ಕ್ಲೇಯಿಂದ ಅಪಾಯ ಕಡಿಮೆ, ವೈಪರ್ ತಡೆತಡೆದು ಓಡುತ್ತಿದ್ದರೆ ಅದೂ ಸರಿಹೋಗಬಹುದು. ಗಾಜಿಗೆ ಬಳಸಿದ ತುಂಡನ್ನು ಬಣ್ಣಕ್ಕೆ ಬಳಸದೆ ಬೇರೆ ಇಡಬೇಕು.

ಕ್ಲೇ ಆಡಿಸಿದಾಗ ಕಲ್ಮಶದ ಜೊತೆ ಹಳೆಯ ವ್ಯಾಕ್ಸ್ ಕೂಡ ಬಹುಪಾಲು ಹೋಗುತ್ತದೆ. ಹಾಗಾಗಿ ಅದೇ ದಿನ ವ್ಯಾಕ್ಸ್ ಅಥವಾ ಸೀಲೆಂಟ್ (ಕೃತಕ ರಕ್ಷಣಾ ಲೇಪ) ಹಚ್ಚುವಷ್ಟು ಸಮಯವಿಟ್ಟುಕೊಂಡೇ ಕೆಲಸಕ್ಕೆ ಇಳಿಯಬೇಕು. ಅಷ್ಟು ಬಿಡುವಿಲ್ಲದಿದ್ದರೆ ಕ್ಲೇಯನ್ನು ಮುಂದಿನ ವಾರಕ್ಕೆ ಹಾಕುವುದೇ ಲೇಸು. ಎರಡರಲ್ಲಿ, ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನಾಬಾ ವ್ಯಾಕ್ಸಿನ ಹೊಳಪು ಕಣ್ಣಿಗೆ ಹಿತ, ಆದರೆ ನಮ್ಮ ಬಿಸಿಲಿಗೆ ಬೇಗ ಕರಗಿಹೋಗುತ್ತದೆ. ಬಯಲಿನಲ್ಲಿ ನಿಲ್ಲುವ ಕಾರಿಗೆ ಸೀಲೆಂಟ್ ಹೆಚ್ಚು ದಿನ ಬರುತ್ತದೆ. ಉಳಿದ ಕ್ಲೇ ತುಂಡುಗಳಿಗೆ ಸ್ವಲ್ಪ ಲೂಬ್ರಿಕೆಂಟ್ ಸಿಂಪಡಿಸಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಕಾರಿನ ಡಿಕ್ಕಿಯ ಬದಲು ಮನೆಯೊಳಗಿನ ತಂಪು ಜಾಗದಲ್ಲಿಡಬೇಕು. ಯಾವ ಕಡೆ ಮಡಚಿದರೂ ಕಪ್ಪೇ ಕಾಣುವ ತುಂಡನ್ನು ಚಕ್ರಗಳಿಗೆ ಮೀಸಲಿಡಬಹುದು, ಅಲ್ಲಿಯೂ ಮುಗಿದ ಮೇಲೆ ಎಸೆಯಬಹುದು.